ಮೊರಾಕ್ಕೊಗೆ ಹೋದವನು, ಸೂರತ್ತಿಗೆ ಹೋದವಳು

ಗೋರ್ವಾ, ವಡೋದರಾ
೨೪ ನವೆಂಬರ್ ೧೯೮೫, ಭಾನುವಾರ

ಪ್ರೀತಿಯ ವೈದೇಹಿ,

ನಿನ್ನ ಕಾಗದ ಜೂನ್ ಕೊನೆಗೇ ಬಂದಿತ್ತು. ಐದು ತಿಂಗಳು ಅದನ್ನು ಟ್ರಂಕಿನಲ್ಲಿ ಸೀರೆಗಳ ಕೆಳಗೆ ಇಟ್ಟುಕೊಂಡು ಕೂತೆ. ಪುರುಸೊತ್ತು ಆಗಲಿಲ್ಲ ಅಂತ ಬರೆದರೆ ಸುಳ್ಳಾಗುತ್ತದೆ. ಇದ್ದೊಬ್ಬ ಮಗಳ ಮದುವೆ ಮಾಡಿ ಕಳಿಸಿದ ಮೇಲೆ ನನಗೆ ಪುರುಸೊತ್ತಲ್ಲದೆ ಮತ್ತೇನಿದೆ? ಬರೆಯಲು ಕೈ ಏಳಲಿಲ್ಲ, ಅಷ್ಟೆ. ತಪ್ಪಾಯಿತು. ಮನಸ್ಸು ತುಂಬ ಬೈದುಬಿಡು, ಆಮೇಲೆ ಓದು.

ನಾವಿಬ್ಬರೂ ಇದ್ದೇವೆ. ಹೊತ್ತು ಹೊತ್ತಿಗೆ ಉಣ್ಣುತ್ತೇವೆ. ಆರಾಮ ಇದ್ದೇವೆ ಅಂತ ಬರೆಯುವುದು ಬೇಡ. ನಿನ್ನ ಮೊಣಕಾಲ ನೋವು ಹೇಗಿದೆ? ಬಾಲಚಂದ್ರನಿಗೆ ಬ್ಯಾಂಕಿನಲ್ಲಿ ನೌಕರಿ ಸಿಕ್ಕಿತೆಂದು ಓದಿ ಖುಷಿಯಾಯಿತು. ಗಂಡುಮಕ್ಕಳಿಗೆ ನೌಕರಿ ಸಿಕ್ಕರೆ ಪೇಢಾ ಹಂಚುತ್ತೇವೆ, ಹೌದಲ್ಲ? ಹಂಚು. ನನ್ನ ಪಾಲಿಂದು ತೆಗೆದಿಡು.

ನೀನು ಮೂರು ಪ್ರಶ್ನೆ ಕೇಳಿದ್ದೆ. ನಳಿನಿಯ ಮದುವೆಗೆ ನನ್ನನ್ನು ಯಾಕೆ ಕರೆಯಲಿಲ್ಲ, ಅಷ್ಟು ಅವಸರ ಯಾಕೆ ಮಾಡಿದಿರಿ, ಯಾರೋ ಅರಬರ ಹುಡುಗನ ಸುದ್ದಿ ಧಾರವಾಡದಲ್ಲಿ ಹಬ್ಬಿದೆ, ಅದು ಖರೇನಾ ಅಂತ. ಉಳಿದವರೆಲ್ಲ ತಮ್ಮ ತಮ್ಮಲ್ಲೇ ಕೇಳಿಕೊಂಡರು, ತಮ್ಮ ತಮ್ಮಲ್ಲೇ ಉತ್ತರ ಹೇಳಿಕೊಂಡರು. ನನ್ನನ್ನು ನೆಟ್ಟಗೆ ಕೇಳಿದವಳು ನೀನೊಬ್ಬಳೇ. ಅದಕ್ಕೇ ನಿನಗೆ ಮೊದಲಿಂದ ಹೇಳುತ್ತೇನೆ.

ಇವರ ಓಟದ ಹುಚ್ಚು ನಿನಗೆ ಗೊತ್ತು. ಮದುವೆಯ ಮರುದಿನವೇ ಬೆಳಗ್ಗೆ ಎದ್ದು ಓಡಲು ಹೋಗಿದ್ದರು, ನೀವೆಲ್ಲ ಗೆಳತಿಯರು ಸೆರಗು ಬಾಯಿಗಿಟ್ಟುಕೊಂಡು ನಕ್ಕಿದ್ದಿರಿ. ವಯಸ್ಸಿನಲ್ಲಿ ಒಮ್ಮೆ ಏಷ್ಯನ್ ಗೇಮ್ಸ್‌ನ ಆಯ್ಕೆಯಲ್ಲಿ ಒಂದೇ ಸ್ಥಾನದಿಂದ ಅವಕಾಶ ಕಳೆದುಕೊಂಡರಂತೆ. ಮನೆಗೆ ಬಂದವರಿಗೆಲ್ಲ ಚಹಾದ ಜೊತೆ ಆ ಕತೆಯನ್ನೂ ಕೊಡುತ್ತಾರೆ. ರೈಲ್ವೆ ಆಫೀಸಿನ ನೌಕರಿ ಹೊಟ್ಟೆಗೆ. ಉಳಿದದ್ದೆಲ್ಲ ಯುನಿವರ್ಸಿಟಿಯ ಮೈದಾನಕ್ಕೆ. ಬೆಳಗ್ಗೆ ಎರಡು ತಾಸು, ಕೊರಳಿಗೆ ಸೀಟಿ, ಕೈಯಲ್ಲಿ ಓಟದ ಗಡಿಯಾರ. ಬಂದ ಹುಡುಗರಿಗೆಲ್ಲ ಪುಕ್ಕಟೆ ಪಾಠ. ಎಲ್ಲರಿಗೂ ಇವರು ಕಟ್ಟಿ ಸರ್. ನಳಿನಿ ಹತ್ತು ವರ್ಷದವಳಿದ್ದಾಗಲೇ ಅಪ್ಪನ ಹಿಂದೆ ಹೋಗತೊಡಗಿದಳು. ಮನೆಯಲ್ಲಿ ಒಬ್ಬಳೇ ಕೂತು ಏನು ಮಾಡುತ್ತಾಳೆ, ಗಾಳಿಗೆ ಹೋಗಿ ಬರಲಿ ಅಂತ ನಾನೂ ಬಿಟ್ಟೆ.

೧೯೮೩ರ ನವರಾತ್ರಿಯ ಹೊತ್ತಿಗೆ ಇವರು ಒಬ್ಬ ಹುಡುಗನನ್ನು ಮನೆಗೆ ಊಟಕ್ಕೆ ಕರೆತಂದರು. ಉದ್ದಕ್ಕೆ, ತೆಳ್ಳಗೆ, ಗುಂಗುರು ಕೂದಲು. ಬಾಗಿಲಲ್ಲೇ ಚಪ್ಪಲಿ ಬಿಟ್ಟು ಕೈ ಮುಗಿದ. ಸಾಲೆಮ್ ಅಂತ ಹೆಸರು, ಅರಬ್ ದೇಶದ ಏಡನ್ ಊರಿನವನು. ಇಲ್ಲಿ ಹಾಸ್ಟೆಲ್ಲಿನಲ್ಲಿದ್ದುಕೊಂಡು ಬಿ.ಕಾಂ. ಓದುತ್ತಿದ್ದ. ಅವರ ಓಣಿಯಲ್ಲಿ ಹಿಂದಿನಿಂದ ಗುಜರಾತಿ ಅಂಗಡಿಕಾರರಿದ್ದರಂತೆ, ಅದಕ್ಕೇ ಹದಿನಾರು ವರ್ಷದಿಂದ ಇಲ್ಲಿರುವ ನನಗಿಂತ ಅವನ ಗುಜರಾತಿ ಚೆನ್ನಾಗಿತ್ತು. ಮೊದಲ ದಿನವೇ ನನ್ನನ್ನು 'ಮಾಸಿ' ಅಂದ. ನಮ್ಮ ಕಡೆ ಮೌಶಿ ಅಂದ ಹಾಗೆ. ಕಟ್ಟಿನ ಸಾರು ಹಾಕಿದರೆ ಕಣ್ಣಲ್ಲಿ ನೀರು ಬರುವಷ್ಟು ಖಾರ ಅಂತ ನಗುತ್ತ ಮೂರು ಸಲ ಹಾಕಿಸಿಕೊಂಡ. ಆ ಮೇಲೆ ಭಾನುವಾರ ಬಂದರೆ ಅವನ ತಾಟು ಇದ್ದೇ ಇರುತ್ತಿತ್ತು.

ಊಟಕ್ಕೆ ಕೂತಾಗಲೇ ಒಂದು ದಿನ ಹೇಳಿದ. ಅರಬ್ ದೇಶಗಳದೇ ಒಂದು ಕ್ರೀಡಾಕೂಟ ಇದೆ, ನಮಗೆ ಏಷ್ಯನ್ ಗೇಮ್ಸ್ ಇದ್ದ ಹಾಗೆ. ಓಟ, ಈಜು, ಕುಸ್ತಿ, ಫುಟ್‌ಬಾಲು ಎಲ್ಲ ಇರುತ್ತದಂತೆ. ಹಿಂದಿನದು ೧೯೭೬ರಲ್ಲಿ ದಮಾಸ್ಕಸ್‌ನಲ್ಲಿ ಆಗಿತ್ತು. ಆಗ ಇವನು ಸಣ್ಣವನು, ಅಪ್ಪನ ಪಕ್ಕದಲ್ಲಿ ಕೂತು ರೇಡಿಯೋದಲ್ಲಿ ಕೇಳಿದ್ದನಂತೆ. ಆಮೇಲೆ ಒಂಬತ್ತು ವರ್ಷ ಆಗಲೇ ಇಲ್ಲ. ಈಗ ಎಂಬತ್ತೈದರ ಆಗಸ್ಟಿನಲ್ಲಿ ಮೊರಾಕ್ಕೊ ದೇಶದಲ್ಲಿ ಆಗುತ್ತದೆ. ಸಾವಿರದ ಐನೂರು ಮೀಟರ್ ಓಟಕ್ಕೆ ತನ್ನ ದೇಶದಿಂದ ಹೋಗಬೇಕೆಂದು ಅವನ ಆಸೆ. ಹೊರದೇಶದಲ್ಲಿ ಓದುವವರು ಮೇ ತಿಂಗಳೊಳಗೆ ಸರಿಯಾದ ಕೂಟದಲ್ಲಿ ಓಡಿ, ಅಧಿಕಾರಿಗಳ ಸಹಿ ಇರುವ ಕಾಗದ ಕಳಿಸಬೇಕು. ಮೂರು ನಿಮಿಷ ಐವತ್ತೆಂಟು ಸೆಕೆಂಡಿನೊಳಗೆ ಓಡಿರಬೇಕು.

ಇವರ ಮುಖ ನೋಡಬೇಕಿತ್ತು ನೀನು. ಕೈಯ ತುತ್ತು ಕೈಯಲ್ಲೇ. "ನಾ ಓಡಸ್ತೀನಿ ನಿನ್ನ" ಅಂದರು ಕನ್ನಡದಲ್ಲೇ. ಅವನಿಗೇನು ತಿಳಿಯಿತೋ, ತಲೆಯಾಡಿಸಿದ.

ಅಲ್ಲಿಂದ ಮುಂದೆ ಒಂದೂವರೆ ವರ್ಷ ನಮ್ಮ ಮನೆಯಲ್ಲಿ ಮೊರಾಕ್ಕೊ ಬಿಟ್ಟು ಬೇರೆ ಮಾತಿಲ್ಲ. ಮಗಳ ಕಾಲೇಜಿನ ಫಾರ್ಮಿಗೆ ಸಹಿ ಹಾಕಲು ಮರೆಯುತ್ತಿದ್ದ ಮನುಷ್ಯ, ಆ ಹುಡುಗ ಯಾವ ದಿನ ಎಷ್ಟು ಸುತ್ತು ಓಡಿದ ಅಂತ ವಹಿಯಲ್ಲಿ ಬರೆದಿಡುತ್ತಿದ್ದರು. ಸಾಲೆಮ್‌ಗೆ ಒಂದು ಕೊರತೆ ಇತ್ತು. ಒಬ್ಬನೇ ಓಡಿದರೆ ಮೊದಲ ಸುತ್ತಿನಲ್ಲಿ ಮೆಲ್ಲಗಾಗುತ್ತಿದ್ದ. ಮುಂದೆ ಯಾರಾದರೂ ಎಳೆದುಕೊಂಡು ಹೋಗಬೇಕು. ಮೈದಾನಕ್ಕೆ ಬರುವ ಹುಡುಗರಲ್ಲಿ ಯಾರಿಗೂ ಆ ಓಟ ಆಗುತ್ತಿರಲಿಲ್ಲ. ಆಗಿದ್ದು ನಳಿನಿಗೆ. ಅವಳು ಮೊದಲ ಒಂದೂವರೆ ಸುತ್ತು ಮುಂದೆ ಓಡಬೇಕು, ಅವನು ಅವಳ ಬೆನ್ನು ಹಿಡಿದು ಬರಬೇಕು, ಆಮೇಲೆ ಅವಳು ಬದಿಗೆ ಸರಿಯಬೇಕು, ಅವನು ಓಡಿ ಮುಗಿಸಬೇಕು. ಹೀಗೆ ನೂರಾರು ಬೆಳಗು. ಅವಳಿಗಾಗಿ ಒಂದು ಪುಟವೂ ಆ ವಹಿಯಲ್ಲಿ ಇರಲಿಲ್ಲ. ಅವಳೆಷ್ಟು ಓಡಿದಳು ಅಂತ ಯಾರೂ ಬರೆಯಲಿಲ್ಲ.

ನಮ್ಮ ಸೊಸೈಟಿಯ ಜಸುಬೆನ್ ದಿನಾ ಹಾಲು ತೆಗೆದುಕೊಳ್ಳುವಾಗ ಕೇಳುತ್ತಿದ್ದಳು: "ನಿಮ್ಮ ಮಗಳು ಆ ಪರದೇಶದ ಹುಡುಗನ ಜೊತೆ ಓಡುತ್ತಾಳಂತಲ್ಲ?" ಅಂತ. ಓಡುತ್ತಾಳೆ ಅನ್ನುವ ಮಾತನ್ನು ಅವಳು ಬೇರೆ ಅರ್ಥ ಬರುವ ಹಾಗೇ ಅನ್ನುತ್ತಿದ್ದಳು. "ಅವಳಪ್ಪನೂ ಅಲ್ಲೇ ಇರುತ್ತಾರೆ ಬೆನ್" ಅಂತ ನಾನು ಹೇಳಿ ಒಳಗೆ ಬರುತ್ತಿದ್ದೆ.

ಈಗ ನೀನು ಕೇಳಿದ್ದಕ್ಕೆ ಉತ್ತರ. ಅವರಿಬ್ಬರ ನಡುವೆ ಏನೂ ಇರಲಿಲ್ಲ, ವೈದೇಹಿ. ನಾನು ತಾಯಿ, ನನಗೆ ಗೊತ್ತು. ಅವರಿಬ್ಬರೂ ಕೂತು ಮಾತಾಡಿದ್ದನ್ನು ನಾನು ಎಷ್ಟೋ ಸಲ ಕೇಳಿದ್ದೇನೆ. ಮೊಣಕಾಲು, ಉಸಿರು, ತಿರುವಿನಲ್ಲಿ ಹೇಗೆ ಒಳಗೆ ಸರಿಯಬೇಕು, ಇವೇ. ಅವನಿಗೆ ಏಡನ್ನಿನಲ್ಲಿ ನಿಶ್ಚಯವಾದ ಹುಡುಗಿ ಇದ್ದಳು, ಅವಳ ಫೋಟೋ ತಂದು ನನಗೂ ನಳಿನಿಗೂ ತೋರಿಸಿದ್ದ. ನಳಿನಿ ಅವನನ್ನು 'ಸಾಲೆಮ್‌ಭಾಯಿ' ಅನ್ನುತ್ತಿದ್ದಳು. ರಾಖಿ ಕಟ್ಟಿರಲಿಲ್ಲ ಅಷ್ಟೆ. ಕಟ್ಟಿದ್ದರೆ ಚೆನ್ನಾಗಿತ್ತೇನೋ, ಜನಕ್ಕೆ ತೋರಿಸಲಿಕ್ಕೆ ಒಂದು ದಾರವಾದರೂ ಇರುತ್ತಿತ್ತು.

ಈ ವರ್ಷ ಮಾರ್ಚಿನಲ್ಲಿ ಅಹಮದಾಬಾದಿನಲ್ಲಿ ಒಂದು ಕೂಟ ಇತ್ತು. ಅಲ್ಲಿ ಸಾಲೆಮ್ ಓಡಿ ಸಹಿ ಮಾಡಿಸಬೇಕು ಅಂತ ನಿಶ್ಚಯವಾಗಿತ್ತು. ಅಷ್ಟರಲ್ಲಿ ಅಲ್ಲಿ ಗಲಾಟೆ ಶುರುವಾಯಿತು, ನೀನು ಪೇಪರಿನಲ್ಲಿ ಓದಿರಬೇಕು. ಮೀಸಲಾತಿ ಬೇಡ ಅಂತ ಎದ್ದದ್ದು ಕೊನೆಗೆ ಹಿಂದು-ಮುಸಲ್ಮಾನರ ಹೊಡೆದಾಟಕ್ಕೆ ಬಂತು. ಕರ್ಫ್ಯೂ ಹಾಕಿದರು. ಕೂಟ ರದ್ದಾಯಿತು. ಇವರು ನಾಲ್ಕು ದಿನ ಸರಿಯಾಗಿ ಊಟ ಮಾಡಲಿಲ್ಲ. ಊರಲ್ಲಿ ಮನುಷ್ಯರನ್ನು ಸುಡುತ್ತಿದ್ದಾರೆ, ಇವರಿಗೆ ಕೂಟ ತಪ್ಪಿತಲ್ಲ ಅನ್ನುವ ಚಿಂತೆ. ಕಡೆಗೆ ಅದನ್ನೇ ಸೂರತ್ತಿಗೆ ಬದಲಿಸಿದರು. ಏಪ್ರಿಲ್ ತಿಂಗಳ ಮೂರನೇ ಭಾನುವಾರ.

ನಾನೂ ಹೋದೆ. ಸೂರತ್ತಿನಲ್ಲಿ ಸೀರೆ ಅಗ್ಗ ಅಂತ ನೆವ ಹೇಳಿದೆ, ಖರೇ ಹೇಳಬೇಕೆಂದರೆ ಒಮ್ಮೆಯಾದರೂ ನೋಡಬೇಕೆನಿಸಿತ್ತು. ಹೆಸರು ಬರೆಸುವಾಗ ಇವರು ನಳಿನಿಯದನ್ನೂ ಹೆಂಗಸರ ಎಂಟುನೂರು ಮೀಟರ್ ಓಟಕ್ಕೆ ಬರೆಸಿಬಿಟ್ಟರು. "ಹೆಂಗೂ ಬಂದಾಳ, ಕಾಲು ಸಡಲ ಆಗತಾವ" ಅಂದರು. ಅಷ್ಟೇ ಅವಳ ತಯಾರಿ. ಬೂಟು ಕೂಡ ಹಳೆಯವು, ಒಂದರ ಬೆರಳ ಕಡೆ ಹೊಲಿಗೆ ಹಾಕಿಸಿದ್ದೆವು.

ಏಳು ಹುಡುಗಿಯರು ನಿಂತರು. ನಾನು ಟೆಂಟಿನ ನೆರಳಲ್ಲಿ ಕೂತಿದ್ದೆ. ಪಿಸ್ತೂಲು ಹೊಡೆದರು. ವೈದೇಹಿ, ನನ್ನ ಹೊಟ್ಟೆಯಲ್ಲಿ ಹುಟ್ಟಿದ ಹುಡುಗಿ ಹಾಗೆ ಓಡುತ್ತಾಳೆಂದು ನನಗೆ ಗೊತ್ತೇ ಇರಲಿಲ್ಲ. ಮನೆಯಲ್ಲಿ ಕೊಡ ಎತ್ತಲು ಬೇಸರಪಡುವವಳು. ಮೊದಲ ಸುತ್ತಿಗೇ ಉಳಿದವರು ಹಿಂದೆ ಬಿದ್ದರು. ಎರಡನೆಯ ಸುತ್ತಿನಲ್ಲಿ ಅವಳು ಒಬ್ಬಳೇ ಓಡುತ್ತಿದ್ದಳು, ಯಾರಿಗೋ ದಾರಿ ಬಿಟ್ಟುಕೊಡಬೇಕು ಅನ್ನುವ ರೂಢಿಯಿಂದ ಒಂದು ಸಲ ಹಿಂತಿರುಗಿ ನೋಡಿದಳು. ಯಾರೂ ಇರಲಿಲ್ಲ. ನಕ್ಕು ಮತ್ತೂ ಜೋರಾಗಿ ಓಡಿದಳು. ಎರಡು ನಿಮಿಷ ಹದಿನಾಲ್ಕು ಸೆಕೆಂಡು ಅಂತ ಮೈಕಿನಲ್ಲಿ ಹೇಳಿದರು. ನನಗೆ ಆ ಲೆಕ್ಕ ತಿಳಿಯುವುದಿಲ್ಲ. ಆದರೆ ಇವರು ಕೂತಲ್ಲಿಂದ ಎದ್ದು ನಿಂತಿದ್ದರು.

ಸಾಲೆಮ್ ಕೂಡ ಆ ದಿನ ಓಡಿದ. ಬೇಕಾದ್ದಕ್ಕಿಂತ ಒಂದು ಸೆಕೆಂಡು ಮೊದಲೇ ಮುಗಿಸಿದ. ಕಾಗದಕ್ಕೆ ಸಹಿಯಾಯಿತು. ಆದರೆ ಅದೇ ಹೊತ್ತಿಗೆ ಅಹಮದಾಬಾದಿನಿಂದ ಬಂದಿದ್ದ ರಜನಿಬೆನ್ ಅನ್ನುವ ತರಬೇತಿಯವಳು ನಮ್ಮ ಟೆಂಟಿಗೆ ಬಂದಳು. ಅಡ್ಡ ಸೆರಗಿನ ಬಿಳಿ ಸೀರೆ, ಗಂಡಸಿನಂಥ ದನಿ.

"ಕಟ್ಟಿ ಸಾಹೇಬರೇ, ಈ ಹುಡುಗಿಯನ್ನು ಎಲ್ಲಿ ಬಚ್ಚಿಟ್ಟಿದ್ದಿರಿ?" ಅಂದಳು.

"ಬಚ್ಚಿಟ್ಟಿಲ್ಲ. ದಿನಾ ಓಡುತ್ತಾಳೆ."

"ಯಾರಿಗಾಗಿ?"

ಇವರು ಕೈಯಲ್ಲಿದ್ದ ಗಡಿಯಾರ ನೋಡಿದರು. ಅವಳು ನನ್ನ ಕಡೆ ತಿರುಗಿ, "ಬೆನ್, ಜೂನಿನಲ್ಲಿ ಪಟಿಯಾಲಾದಲ್ಲಿ ಎರಡು ತಿಂಗಳ ಶಿಬಿರ ಇದೆ. ನಮ್ಮ ರಾಜ್ಯದಿಂದ ಇಬ್ಬರು ಹುಡುಗಿಯರ ಹೆಸರು ಕೊಡಬೇಕು. ಒಂದು ನಿಮ್ಮ ಮಗಳದು. ನಾನೇ ಕರೆದುಕೊಂಡು ಹೋಗಿ ಕರೆತರುತ್ತೇನೆ. ಕಳಿಸಿಕೊಡಿ" ಅಂದಳು.

ರೈಲಿನಲ್ಲಿ ಬರುವಾಗ ಇವರು ಕಿಟಕಿಯ ಹತ್ತಿರ ನಳಿನಿಯನ್ನು ಕೂರಿಸಿದರು. ಸಾಲೆಮ್ ಸ್ಟೇಷನ್ನಿನಲ್ಲಿ ಘಾರಿ ಅಂತ ಸೂರತ್ತಿನ ಸಿಹಿ ತಂದಿದ್ದ, ಎಲ್ಲರೂ ತಿಂದರು. ನಳಿನಿ, "ಅಪ್ಪಾ, ಪಟಿಯಾಲಾದಾಗ ಥಂಡಿ ಇರತದೇನು?" ಅಂತ ಕೇಳಿದಳು. "ಜೂನದಾಗ ಎಲ್ಲೀ ಥಂಡಿ ಮಗಳ" ಅಂದರು ಇವರು. ಎಲ್ಲರೂ ನಕ್ಕರು.

ಮೇ ಎರಡನೆಯ ವಾರ ಹುಬ್ಬಳ್ಳಿಯಿಂದ ನಮ್ಮಣ್ಣ ಭೀಮಣ್ಣ ಬಂದಿಳಿದ. ಮುಂಚೆ ಕಾಗದ ಇಲ್ಲ, ಏನಿಲ್ಲ. ಕಾಲು ತೊಳೆದುಕೊಂಡು, ಚಹಾ ಕುಡಿದು, ನಳಿನಿಯನ್ನು ಅಂಗಡಿಗೆ ಕಳಿಸಿ ಮಾತು ತೆಗೆದ.

"ರಾಯರ, ಸಿಟ್ಟಿಗೇಳಬ್ಯಾಡ್ರಿ. ಹುಡುಗಿ ಯಾರೋ ಅರಬರ ಹುಡುಗನ ಕೂಡ ಅಡ್ಡಾಡತದ ಅಂತ ಊರಾಗ ಮಾತು ಎದ್ದದ."

"ಯಾವ ಊರಾಗ?"

"ಹುಬ್ಬಳ್ಯಾಗೂ ಎದ್ದದ, ಧಾರವಾಡದಾಗೂ ಎದ್ದದ. ಖರೇನೋ ಸುಳ್ಳೋ, ಅದು ನನಗ ಬ್ಯಾಡ. ನಾಳೆ ಇಕೀನ್ನ ಯಾರು ಮಾಡಿಕೋತಾರ, ಅದನ್ನ ಹೇಳ್ರಿ. ಸೂರತ್ತಿನಾಗ ನಮ್ಮವರದೊಂದು ಮನಿ ಅದ. ಹುಡುಗ ಶ್ರೀಪಾದ, ವಿಮಾ ಆಫೀಸಿನಾಗ ಇದ್ದಾನ. ಆಷಾಢ ಬರೂದ್ರಾಗ ಮುಗಿಸಿಬಿಡೂಣು."

ಮಾತು ಎಲ್ಲಿಂದ ಎದ್ದಿತು ಅಂತ ಭೀಮಣ್ಣ ಹೇಳಲಿಲ್ಲ. ಇವರೂ ಕೇಳಲಿಲ್ಲ. ಮೈದಾನದಲ್ಲಿ ಹುಲಿಯ ಹಾಗೆ ಗರ್ಜಿಸುವವರು ಅಣ್ಣನ ಮುಂದೆ ಬೆರಳ ಉಗುರು ನೋಡುತ್ತ ಕೂತರು.

ನಳಿನಿ ಅಂಗಡಿಯಿಂದ ಬಂದಳು. ಇವರು ಅವಳನ್ನು ಹಿತ್ತಲಿಗೆ ಕರೆದುಕೊಂಡು ಹೋದರು. ನಾನು ಅಡಿಗೆಮನೆಯ ಕಿಟಕಿಯಲ್ಲಿದ್ದೆ, ಎಲ್ಲ ಕೇಳುತ್ತಿತ್ತು.

"ನಳೂ, ಒಂದ ಮಾತು ಕೇಳತೀನಿ. ಆ ಹುಡುಗನ ಕೂಡ ನಿಂದು ಏನರ ಅದ ಏನವಾ?"

ಅವಳು ಅತ್ತಿದ್ದರೆ, ಚೀರಿದ್ದರೆ, ಏನಾದರೂ ಆಗುತ್ತಿತ್ತು. "ದಿನಾ ನಮ್ಮ ಕೂಡ ಇದ್ದವರು ನೀವು. ನೀವೂ ಕೇಳತೀರಿ ಅಪ್ಪಾ?" ಅಂದಳು. ಅಷ್ಟೇ. ಮತ್ತೆ ಒಳಗೆ ಬಂದು, ಭೀಮಣ್ಣನಿಗೆ, "ಮಾಮಾ, ಮದುವಿ ನೀವು ಎಲ್ಲಿ ಹೇಳತೀರಿ ಅಲ್ಲೇ ಆಗಲಿ" ಅಂದು ತರಕಾರಿಯ ಚೀಲ ಕೆಳಗಿಟ್ಟಳು.

ಇವರು ಇಂದಿಗೂ ನನ್ನ ಮುಂದೆ ಹೇಳುತ್ತಾರೆ, "ನಾ ಅದನ್ನ ನಂಬಿರಲಿಲ್ಲ" ಅಂತ. ನಂಬಿರದಿದ್ದರೆ ಯಾಕೆ ಕೇಳಿದರು, ಹೇಳು? ಅವಳ ಮನಸ್ಸು ಸತ್ತಿದ್ದು ಮದುವೆಯಿಂದಲ್ಲ, ಆ ಒಂದು ಪ್ರಶ್ನೆಯಿಂದ ಅಂತ ನಾನು ಇವರಿಗೆ ಎಷ್ಟು ಸಲ ಅಂದಿದ್ದೇನೋ. ಅಂದಾಗಲೆಲ್ಲ ಎದ್ದು ಹೊರಗೆ ಹೋಗುತ್ತಾರೆ.

ಜೂನ್ ಒಂಬತ್ತಕ್ಕೆ ಸೂರತ್ತಿನಲ್ಲಿ ಮದುವೆ. ನಲವತ್ತು ಜನ. ಗಲಾಟೆಯ ದಿನ, ಕರ್ಫ್ಯೂ ಇದೆ, ಅದಕ್ಕೆ ಯಾರನ್ನೂ ಕರೆಯಲಾಗುವುದಿಲ್ಲ ಅಂತ ಎಲ್ಲರಿಗೂ ಕಾರ್ಡು ಬರೆದೆವು. ಒಳ್ಳೆಯ ನೆವ ಸಿಕ್ಕಿತ್ತು. ನಿನಗೆ ಮಾತ್ರ ಆ ಸುಳ್ಳು ಬರೆಯಲಾಗದೆ ಏನನ್ನೂ ಬರೆಯಲಿಲ್ಲ. ರಜನಿಬೆನ್ ಮದುವೆಯ ಹಿಂದಿನ ವಾರ ಶಿಬಿರದ ಕಾಗದ ಹಿಡಿದುಕೊಂಡು ವಡೋದರೆಗೆ ಬಂದಿದ್ದಳು, ಅಷ್ಟು ಗಲಾಟೆಯಲ್ಲಿ, ಬಸ್ಸಿನಲ್ಲಿ. ಹೊಸ್ತಿಲಲ್ಲಿ ಹಸಿರು ಬಳೆ ತೊಟ್ಟ ನಳಿನಿಯನ್ನು ನೋಡಿ ಒಳಗೆ ಬರಲೇ ಇಲ್ಲ. "ಎರಡು ತಿಂಗಳು ಕಾಯಲಾಗಲಿಲ್ಲವೇ ಬೆನ್?" ಅಂತ ನನ್ನನ್ನು ಕೇಳಿ ತಿರುಗಿ ಹೋದಳು. ನೀರೂ ಕುಡಿಯಲಿಲ್ಲ.

ಸಾಲೆಮ್‌ಗೆ ಮನೆಗೆ ಬರಬೇಡ ಅಂತ ಇವರು ಹೇಳಿಬಿಟ್ಟಿದ್ದರು. ಕಾರಣ ಹೇಳಲಿಲ್ಲ. ಆದರೆ ಮೈದಾನದಲ್ಲಿ ಜುಲೈವರೆಗೂ ಓಡಿಸಿದರು. ಮಗಳನ್ನು ಕಳೆದುಕೊಂಡೂ ಮೊರಾಕ್ಕೊ ಬಿಡಲಿಲ್ಲ. ಈ ಮನುಷ್ಯನನ್ನು ಏನಂತ ತಿಳಿಯಬೇಕೋ ಇಪ್ಪತ್ತೊಂದು ವರ್ಷದಿಂದ ನನಗೆ ತಿಳಿದಿಲ್ಲ.

ಆಗಸ್ಟಿನಲ್ಲಿ ಕೂಟ ಆಯಿತು. ಇಲ್ಲಿಯ ಪೇಪರಿನಲ್ಲಿ ಒಂದು ಸಾಲೂ ಬರಲಿಲ್ಲ. ಇವರು ದಿನಾ ಲೈಬ್ರರಿಗೆ ಹೋಗಿ ಇಂಗ್ಲಿಷ್ ಪೇಪರಿನ ಕೊನೆಯ ಪುಟ ನೋಡಿ ಬರುತ್ತಿದ್ದರು. ಸೆಪ್ಟೆಂಬರ್ ಕೊನೆಗೆ ಒಂದು ಮಧ್ಯಾಹ್ನ ಬಾಗಿಲು ಬಡಿದ ಸದ್ದಾಯಿತು. ಸಾಲೆಮ್. ಇವರು ಆಫೀಸಿನಲ್ಲಿದ್ದರು. ಬಿಸಿಲಿಗೆ ಕಪ್ಪಾಗಿದ್ದ, ದೇಶದ ಹೆಸರು ಬರೆದ ಅಂಗಿ ತೊಟ್ಟಿದ್ದ. ಒಳಗೆ ಬಾ ಅನ್ನಲು ನನ್ನ ನಾಲಿಗೆ ಏಳಲಿಲ್ಲ. ಅವನೂ ಹೊಸ್ತಿಲ ಆಚೆಯೇ ನಿಂತ.

"ಮಾಸಿ, ಸರ್‌ಗೆ ಹೇಳಿ. ನಾನು ಏಳನೆಯವನಾದೆ. ಕೊನೆಯ ಸುತ್ತಿನಲ್ಲಿ ಕಾಲು ಬರಲಿಲ್ಲ. ಆದರೆ ಸೂರತ್ತಿನದಕ್ಕಿಂತ ಮೂರು ಸೆಕೆಂಡು ಬೇಗ ಓಡಿದೆ."

"ಹೇಳುತ್ತೇನೆ" ಅಂದೆ.

"ಮಾಸಿ, ಅಲ್ಲಿ ಈ ಸಲ ಹುಡುಗಿಯರೂ ಓಡಿದರು. ನಮ್ಮ ಕೂಟದಲ್ಲಿ ಇದೇ ಮೊದಲು. ಸ್ಟೇಡಿಯಮ್ಮಿನಲ್ಲಿ ಮುದುಕರು ಕೂಡ ಎದ್ದು ನಿಂತು ಚಪ್ಪಾಳೆ ಹೊಡೆದರು. ಹುಡುಗಿಯರ ಎಂಟುನೂರು ಮೀಟರನ್ನು ನಾನು ಬೇಲಿ ಹಿಡಿದು ನೋಡಿದೆ. ನಾಲ್ಕನೆಯವಳು, ಐದನೆಯವಳು, ಅವರೆಲ್ಲರಿಗಿಂತ ನಳಿನಿ ಮುಂದೆ ಇರುತ್ತಿದ್ದಳು. ಪಕ್ಕದವನಿಗೆ ಹೇಳಿದೆ, ನಮ್ಮ ವಡೋದರೆಯಲ್ಲಿ ಒಬ್ಬ ತಂಗಿ ಇದ್ದಾಳೆ, ನನ್ನನ್ನು ಇಲ್ಲಿಯವರೆಗೆ ಎಳೆದು ತಂದವಳು ಅವಳು ಅಂತ." ಆಮೇಲೆ ಒಳಗೆ ಇಣುಕಿ, "ಪಟಿಯಾಲಾದಿಂದ ಬಂದಳೇ?" ಅಂತ ಕೇಳಿದ.

ಅವನಿಗೆ ಮದುವೆಯ ಸುದ್ದಿಯೇ ಗೊತ್ತಿರಲಿಲ್ಲ. ಇವರು ಒಂದೂವರೆ ತಿಂಗಳು ಅವನನ್ನು ದಿನಾ ಓಡಿಸಿದರೂ ಹೇಳಿರಲಿಲ್ಲ.

ಹೇಳಿದೆ. "ಸಂತೋಷ, ಮಾಸಿ" ಅಂದ. ಮದುವೆಗೆ ಯಾಕೆ ಕರೆಯಲಿಲ್ಲ ಅಂತ ನಿನ್ನ ಹಾಗೆ ಜಗಳ ತೆಗೆಯಲಿಲ್ಲ. ಕೈ ಮುಗಿದು ಹೋದ. ಈಗ ಪರೀಕ್ಷೆ ಬರೆದು ಊರಿಗೆ ಹೋಗಿದ್ದಾನಂತೆ. ಇವರಿಗೆ ಒಂದು ಕಾರ್ಡು ಬರೆದಿದ್ದ, ಇವರು ಉತ್ತರಿಸಿಲ್ಲ. "ಅವನಿಂದ ನನ್ನ ಮಗಳ ಹೆಸರು ಹಾಳಾತು" ಅಂತಾರೆ. ನಂಬಿರಲಿಲ್ಲ ಅನ್ನುವುದೂ ಅದೇ ಬಾಯಿ.

ನಳಿನಿಯ ಮನೆಯವರು ಕೆಟ್ಟವರಲ್ಲ. ಶ್ರೀಪಾದ ಮೆತ್ತಗಿನ ಹುಡುಗ. ಆದರೆ ಅತ್ತೆಯ ಕಿವಿಗೂ ಆ ಮಾತು ಬಿದ್ದಿದೆ. ಸೊಸೆಯನ್ನು ಒಬ್ಬಳನ್ನೇ ಮಾರ್ಕೆಟ್ಟಿಗೂ ಕಳಿಸುವುದಿಲ್ಲ. ಕಾಲೇಜು ಬಿಡಿಸಿದರು. ಬೆಳಗ್ಗೆ ಮಹಡಿಯ ಮೇಲೆ ಬಟ್ಟೆ ಒಣಹಾಕಲು ಹೋದಾಗ ಸ್ವಲ್ಪ ಹೆಚ್ಚು ಹೊತ್ತು ನಿಂತರೆ ಕೆಳಗಿಂದ ಕರೆ ಬರುತ್ತದಂತೆ. ಇದನ್ನು ಅವಳು ಹೇಳಿದ್ದಲ್ಲ, ಶ್ರೀಪಾದನೇ ಒಮ್ಮೆ ಇವರ ಹತ್ತಿರ ಬೇಸರದಿಂದ ಹೇಳಿದ. ಮೊದಲ ದೀಪಾವಳಿಗೆ ಇಬ್ಬರೂ ಬಂದು ನಾಲ್ಕು ದಿನ ಇದ್ದು ಹೋದರು. ಮೈ ತುಂಬಿಕೊಂಡಿದ್ದಾಳೆ. ಬೆಳಗ್ಗೆ ಇವರು ಮೈದಾನಕ್ಕೆ ಹೊರಟಾಗ, "ಬರತೀಯೇನವಾ, ಸುಮ್ಮನ ಅಡ್ಡಾಡಿ ಬರೂಣು" ಅಂದರು. "ಇಲ್ಲ, ಮಲಗತೀನಿ" ಅಂದಳು. ಇವರು ಒಬ್ಬರೇ ಹೋದರು, ಹತ್ತು ನಿಮಿಷದಲ್ಲಿ ತಿರುಗಿ ಬಂದರು.

ಇಷ್ಟೇ ಕತೆ. ಇನ್ನು ಧಾರವಾಡದಲ್ಲಿ ಯಾರಾದರೂ ಕೇಳಿದರೆ, ಏನೂ ಇರಲಿಲ್ಲ ಅಂತ ನನ್ನ ಮಾತಾಗಿ ಹೇಳು. ಯಾರೂ ನಂಬುವುದಿಲ್ಲ, ಆದರೂ ಹೇಳು.

ಮಳೆಗಾಲ ಮುಗಿದ ಮೇಲೆ ಇಲ್ಲಿ ಹವೆ ಹಿತವಾಗಿದೆ. ಮೊಣಕಾಲಿಗೆ ಬಿಸಿ ಎಣ್ಣೆ ಬಿಡಬೇಡ. ನಿನ್ನ ಯಜಮಾನರಿಗೆ ನಮಸ್ಕಾರ. ಬಾಲಚಂದ್ರನಿಗೆ ನೂರು ವರ್ಷ ಆಯುಷ್ಯವಾಗಲಿ, ನೌಕರಿಯಲ್ಲಿ ಮೇಲೆ ಬರಲಿ. ಅವನಿಗೆ ಹೆಣ್ಣು ನೋಡುವಾಗ ಅವಳಿಗೆ ಏನು ಬೇಕು ಅಂತ ಒಂದು ಮಾತು ಕೇಳಿ ನೋಡು.

ನಿನ್ನ
ಶಾಂತಾ

ತಾ.ಕ.: ಕಾಗದ ಮಡಿಚಿ ಗೋಂದು ಹಚ್ಚುವುದರಲ್ಲಿದ್ದೆ. ಹಚ್ಚಲಾಗಲಿಲ್ಲ. ಇವರು ಹೊರಗೆ ಹೋಗಿದ್ದಾರೆ, ಬರುವುದರೊಳಗೆ ಬರೆದುಬಿಡುತ್ತೇನೆ. ಉತ್ತರ ಬರೆಯುವಾಗ ಇದನ್ನು ಎತ್ತಬೇಡ, ನಿನ್ನ ಕಾಗದ ಇವರೂ ಓದುತ್ತಾರೆ.

ಆ ಮಾತನ್ನು ಎಬ್ಬಿಸಿದವಳು ನಾನು. ಸೂರತ್ತಿನಿಂದ ಬಂದ ಮೂರನೆಯ ದಿನ ಮಧ್ಯಾಹ್ನ ಅಂಚೆಯ ಇನ್‌ಲ್ಯಾಂಡ್ ತಂದು ಭೀಮಣ್ಣನಿಗೆ ನಾನೇ ಬರೆದೆ. ಹುಡುಗಿ ಆ ಅರಬರ ಹುಡುಗನ ಜೊತೆ ಸಲಿಗೆ ಬೆಳೆಸಿದ್ದಾಳೆ, ಕೈ ಮೀರುವ ಮೊದಲು ಒಂದು ಸಂಬಂಧ ನೋಡು, ಇವರಿಗೆ ನಾನು ಬರೆದದ್ದು ಹೇಳಬೇಡ ಅಂತ. ಅಣ್ಣ ವೈನಿಗೆ ಹೇಳಿದ, ವೈನಿ ಊರಿಗೆ ಹೇಳಿದಳು. ಪಟಿಯಾಲಾ ತಪ್ಪಿಸಬೇಕಿತ್ತು ನನಗೆ. ಸುಮ್ಮನೆ ಬೇಡ ಅಂದರೆ ಇವರು ಕೇಳುತ್ತಿರಲಿಲ್ಲ.

ಹೆದರಿಕೆಯಿಂದ ಮಾಡಿದೆ ಅಂತ ಆರು ತಿಂಗಳು ನನಗೆ ನಾನೇ ಹೇಳಿಕೊಂಡೆ. ಹೆದರಿಕೆ ಇತ್ತು, ಇಲ್ಲ ಅನ್ನುವುದಿಲ್ಲ. ಆದರೆ ಆ ದಿನ ಮೈದಾನದಲ್ಲಿ ಅವಳು ಎರಡನೆಯ ಸುತ್ತು ಓಡುವಾಗ ನಾನು ಇವರ ಮುಖ ನೋಡಿದ್ದೆ. ನನ್ನ ಕಡೆ ಯಾರೂ ಯಾವತ್ತೂ ಹಾಗೆ ನೋಡಿರಲಿಲ್ಲ, ವೈದೇಹಿ. ಹೊಟ್ಟೆಯಲ್ಲಿ ಕಿಚ್ಚು ಬಿದ್ದ ಹಾಗಾಯಿತು. ಸ್ವಂತ ಮಗಳ ಮೇಲೆ.

ಅಕ್ಟೋಬರಿನಲ್ಲಿ ಭೀಮಣ್ಣ ಸೂರತ್ತಿಗೆ ಅವರ ಮನೆಗೆ ಹೋದಾಗ ಅವಳಿಗೆ ಹೇಳಿಬಿಟ್ಟಿದ್ದಾನೆ, "ನಿಮ್ಮವ್ವ ವ್ಯಾಳ್ಯಾಕ್ಕ ಸರಿಯಾಗಿ ಬರದಳು, ಅದಕ್ಕ ಪಾರಾದಿ" ಅಂತ, ಮೆಚ್ಚಿಗೆಯಿಂದ. ದೀಪಾವಳಿಯ ನಾಲ್ಕು ದಿನ ಅವಳು ಆ ಮಾತು ಎತ್ತಲಿಲ್ಲ. ಹೊರಡುವ ದಿನ ಗಂಡಸರಿಬ್ಬರೂ ರಿಕ್ಷಾ ತರಲು ಹೋಗಿದ್ದರು. ಉಡಿ ತುಂಬಿದೆ, ಕಾಲಿಗೆ ಬಿದ್ದಳು. ಎದ್ದು ನಿಂತು ಕೇಳಿದಳು:

"ಅವ್ವಾ, ನೀ ಬರದಿದ್ದು ಖರೇ ಅಂತ ನಿನಗ ಅನಿಸಿತ್ತೇನು?"

ಹೌದು ಅಂದಿದ್ದರೆ ಸಾಕಿತ್ತು. ತಾಯಿ ತಪ್ಪು ತಿಳಿದಳು, ಹೆದರಿದಳು ಅಂತ ಅವಳು ಮರೆತುಬಿಡುತ್ತಿದ್ದಳು. ಅವಳು ಅದನ್ನೇ ಕಾಯುತ್ತಿದ್ದಳು, ಕಣ್ಣಲ್ಲೇ ಗೊತ್ತಾಗುತ್ತಿತ್ತು. ನಾನು, ಒಲೆಯ ಮೇಲೆ ಹಾಲು ಉಕ್ಕೀತು, ನಿಲ್ಲು ಅಂದು ಒಳಗೆ ಹೋದೆ.

ಒಲೆಯ ಮೇಲೆ ಹಾಲಿರಲಿಲ್ಲ. ರಿಕ್ಷಾದ ಸದ್ದು ಕೇಳುವವರೆಗೂ ಅಲ್ಲೇ ನಿಂತಿದ್ದೆ.